ಯಂತ್ರಕೌದಿಯ ಮೂಲೆಯಲ್ಲಿರುವ ನಮ್ಮ ಅತ್ತೆಯ ಹೆಬ್ಬೆರಳಿನ ಬಗ್ಗೆ

ಇವರಿಗೆ,
ಶ್ರೀ ರೋಹನ ಅವರು,
ಮಾಲೀಕರು, 'ಬೆಚ್ಚನೆ ಬದುಕು ಹೋಮ್ ಡೆಕೋರ್',
ರವಿವಾರ ಪೇಟೆ, ಬೆಳಗಾವಿ.

ಮಾನ್ಯರೇ,

ಪಾರಿಶ್ವಾಡದ ನಮ್ಮ ಮನೆಯ ಕಟ್ಟೆಯಿಂದ ರವಿವಾರ ಪೇಟೆಯ ತಮ್ಮ ಗಾಜಿನ ಬಾಗಿಲಿಗೆ ಅನಂತ ನಮಸ್ಕಾರಗಳು. ತಾವು ಕ್ಷೇಮ, ತಮ್ಮ ಮಳಿಗೆ ಕ್ಷೇಮ, ಆ ಮಳಿಗೆಯ ಮೇಲಂತಸ್ತಿನಲ್ಲಿ ಕುಳಿತು ನಮ್ಮ ವೆಬ್‌ಸೈಟನ್ನು ಅಷ್ಟೊಂದು ಶ್ರದ್ಧೆಯಿಂದ ತಮ್ಮದನ್ನಾಗಿ ಮಾಡುತ್ತಿರುವ ಸಿಬ್ಬಂದಿಯೂ ಕ್ಷೇಮವೆಂದು ನಂಬಿದ್ದೇನೆ. ಇದು ರೂಢಿಗಾಗಿ ಕೇಳಿದ ಕುಶಲವಲ್ಲ. ತಮಗೆ ನೆಗಡಿಯಾಗಿ ಎರಡು ದಿನ ಮಲಗಿಬಿಟ್ಟರೆ ನಮ್ಮ ಮನೆಯ ಸುದ್ದಿಯನ್ನು ಬೆಳಗಾವಿಯ ಜನರಿಗೆ ಮುಟ್ಟಿಸುವವರು ಯಾರು ಎಂಬ ಚಿಂತೆ ನಮಗೆ ನಿಜವಾಗಿಯೂ ಇದೆ.

ನಾನು ಯಾರೆಂದು ಪರಿಚಯಿಸಿಕೊಳ್ಳಬೇಕಾದ ಅಗತ್ಯವೇ ಇಲ್ಲ, ಏಕೆಂದರೆ ನನ್ನ ಪರಿಚಯ ತಮ್ಮ ವೆಬ್‌ಸೈಟಿನಲ್ಲಿಯೇ ಇದೆ. 'ನಮ್ಮ ಬಗ್ಗೆ' ಎಂಬ ಪುಟದಲ್ಲಿ, ತಮ್ಮ ಕೋಟು ತೊಟ್ಟ ಚಿತ್ರದ ಕೆಳಗೆ, "ಮದುವೆಯಾಗಿ ರವಿವಾರ ಪೇಟೆಗೆ ಬಂದ ವರ್ಷವೇ ನಾನು ಅತ್ತೆ ಅಕ್ಕವ್ವನವರ ಪಕ್ಕದಲ್ಲಿ ಕುಳಿತು ಕೌದಿ ಹೊಲಿಯುವುದನ್ನು ಕಲಿತೆ" ಎಂದು ಇದೆಯಲ್ಲ, ಆ 'ನಾನು' ಅಂದರೆ ನಾನೇ. ಪಾರಿಶ್ವಾಡ ಎಂಬ ಒಂದು ಹೆಸರನ್ನು ಅಳಿಸಿ ರವಿವಾರ ಪೇಟೆ ಎಂದು ಬರೆದದ್ದನ್ನು ಬಿಟ್ಟರೆ ತಾವು ಒಂದಕ್ಷರವನ್ನೂ ಮುಟ್ಟಿಲ್ಲ. ಇಂಥ ಪ್ರಾಮಾಣಿಕತೆ ಈಗಿನ ಕಾಲದಲ್ಲಿ ಎಲ್ಲಿದೆ? ಆದರೆ ತಮಗಿನ್ನೂ ಮದುವೆಯೇ ಆಗಿಲ್ಲವೆಂದು ತಮ್ಮ ಬಾಜು ಅಂಗಡಿಯವರು ಹೇಳಿದಾಗ ನನಗೆ ಸ್ವಲ್ಪ ಗಾಬರಿಯಾಯಿತು. ಹೆಂಡತಿಗಿಂತ ಮೊದಲೇ ಅತ್ತೆಯನ್ನು ಸಂಪಾದಿಸಿದ, ಅದೂ ಸೊಸೆಯಾಗಿ ಬಂದು ಸಂಪಾದಿಸಿದ ಉದ್ಯಮಿ ನಮ್ಮ ಜಿಲ್ಲೆಯಲ್ಲಿ ತಾವೊಬ್ಬರೇ ಇರಬೇಕು.

ಈ ಪತ್ರವನ್ನು ಓದುವ ಬೇರೆಯವರಿಗಾಗಿ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮದು 'ಅಕ್ಕವ್ವನ ಕೌದಿ' ಎಂಬ ಸಣ್ಣ ಕಸುಬು. ಜನ ತಮ್ಮ ಅವ್ವನದೋ ಅಜ್ಜಿಯದೋ ಹಳೆಯ ಸೀರೆಗಳನ್ನು ತಂದುಕೊಡುತ್ತಾರೆ, ನಾನೂ ನಮ್ಮ ಅತ್ತೆಯೂ ಅವನ್ನು ತುಂಡು ಮಾಡಿ, ಪದರ ಹಾಕಿ, ಕೈಯಿಂದ ಹೊಲಿದು ಹೊದೆಯಲು ಕೌದಿ ಮಾಡಿಕೊಡುತ್ತೇವೆ. ಹಿಂದವಾಡಿಯಲ್ಲಿರುವ ನನ್ನ ನಾದಿನಿಯ ಮಗಳು ಮೇಘಾ ನಮಗೊಂದು ವೆಬ್‌ಸೈಟ್ ಮಾಡಿಕೊಟ್ಟಳು. ಸೀರೆ ಕೊಟ್ಟವರು ಒಪ್ಪಿದರೆ ಅವರ ಕೌದಿಯ ಫೋಟೋ ಹಾಕಿ, ಹೆಸರು ಹೇಳದೆ, ಯಾವ ತುಂಡು ಯಾವ ಸೀರೆಯದು ಎಂದು ಅದರ ಕೆಳಗೆ ನಾಲ್ಕು ಸಾಲು ಬರೆಯುತ್ತೇವೆ. ನಮ್ಮ ದುಕಾನು, ನಮ್ಮ ಜಾಹೀರಾತು, ಎಲ್ಲವೂ ಅಷ್ಟೇ.

ತಾವು ಸೂಜಿ ಹಿಡಿಯುವವರಲ್ಲ. ತಮ್ಮದು ಪಾಲಿಸ್ಟರ್ ಬಟ್ಟೆಯ ಮೇಲೆ ಕೌದಿಯ ಚಿತ್ರವನ್ನು ಯಂತ್ರದಿಂದ ಅಚ್ಚು ಹಾಕಿ ಮಾರುವ ದೊಡ್ಡ ವ್ಯವಹಾರ. ಹಾಗಿದ್ದರೂ ನಮ್ಮ ಮನೆಯ ನೇಮನಿಷ್ಠೆಗಳನ್ನು ತಾವು ಕಾಪಾಡಿಕೊಂಡು ಬಂದ ರೀತಿಗೆ ಕೈಮುಗಿಯಬೇಕು. ಬಸವಣ್ಣನವರನ್ನು ನಂಬಿದ ಮನೆ ನಮ್ಮದು, ಸೋಮವಾರ ಅತ್ತೆ ಪೂಜೆಯಲ್ಲಿರುತ್ತಾರೆ, ಸೂಜಿ ಮುಟ್ಟುವುದಿಲ್ಲ. "ಸೋಮವಾರ ನಾವು ಸೂಜಿ ಹಿಡಿಯುವುದಿಲ್ಲ" ಎಂದು ನಾವು ಬರೆದೆವು. ಎರಡು ದಿನದಲ್ಲಿ ತಾವೂ ಹಿಡಿಯುವುದನ್ನು ಬಿಟ್ಟಿರಿ. ಮಳೆಗಾಲದಲ್ಲಿ ಅತ್ತೆಗೆ ಮಂಡಿನೋವು ಬಂದು "ಈ ವಾರ ಹೊಸ ಕೆಲಸ ಒಪ್ಪಿಕೊಳ್ಳಲಾಗುವುದಿಲ್ಲ, ಕ್ಷಮಿಸಿ" ಎಂದು ಹಾಕಿದರೆ, ತಮ್ಮ ಯಂತ್ರಕ್ಕೂ ಅದೇ ವಾರ ಮಂಡಿನೋವು ಬಂತು. ತಮ್ಮ ಗಿರಾಕಿಗಳು ಫೋನು ಮಾಡಿ ಅಜ್ಜಿ ಹೇಗಿದ್ದಾರೆ ಎಂದು ವಿಚಾರಿಸಿದಾಗ ತಾವು ಏನು ಹೇಳಿದಿರೋ ತಿಳಿಯದು. ಈಗ ನಡೆದಾಡುತ್ತಿದ್ದಾರೆಂದು ಅವರಿಗೆಲ್ಲ ತಿಳಿಸಿರಿ.

ಇನ್ನೊಂದು ಪದ್ಧತಿ ಇದೆ. ಕೌದಿಯ ಕೊನೆಯ ಮೂಲೆಯನ್ನು ಮುಚ್ಚುವ ಮುಂಚೆ ಅತ್ತೆ ಒಂದು ಚಿಟಿಕೆ ಅಕ್ಕಿಯನ್ನು ಒಳಗೆ ಹಾಕುತ್ತಾರೆ. ಹೊಟ್ಟೆ ಖಾಲಿ ಇರುವ ಕೌದಿ ಹೊದ್ದವರಿಗೆ ನಿದ್ದೆ ಬರುವುದಿಲ್ಲವೆಂದು ಅವರ ನಂಬಿಕೆ. "ಪ್ರತಿಯೊಂದು ಕೌದಿಯನ್ನೂ ಹೊಟ್ಟೆ ತುಂಬಿಸಿಯೇ ಕಳಿಸುತ್ತೇವೆ" ಎಂಬ ನಮ್ಮ ವಾಕ್ಯವನ್ನು ತಾವು ತಮ್ಮ ಪಾಲಿಸ್ಟರಿಗೆ ಹಾಕಿಕೊಂಡಿರಿ. ಅದನ್ನು ನಂಬಿದ ಒಬ್ಬ ಗಿರಾಕಿ ಅಕ್ಕಿಯನ್ನು ಹುಡುಕಲು ಕತ್ತರಿಯಿಂದ ನಾಲ್ಕೂ ಮೂಲೆ ಕತ್ತರಿಸಿ ನೋಡಿ, ಒಂದು ಕಾಳೂ ಸಿಗದೆ, ತಮ್ಮನ್ನು ಬೈದು ಬರೆದದ್ದನ್ನು ಓದಿ ನಾವು ಮನೆಮಂದಿಯೆಲ್ಲ ನಕ್ಕೆವು. ಹೌದು, ಆಗ ನಾವು ನಗುತ್ತಿದ್ದೆವು. ಕದ್ದರೆ ಕದಿಯಲಿ ಬಿಡು, ಮಾತು ತಾನೆ, ನಮ್ಮ ಕೈಯನ್ನಂತೂ ಕದಿಯಲಾರರು ಎಂದುಕೊಂಡಿದ್ದೆವು.

ಆಮೇಲೆ ತಾವು ನಾಗರತ್ನಾ ಅವರ ಅವ್ವನ ಕೌದಿಗೆ ಕೈ ಹಾಕಿದಿರಿ.

ನಾಗರತ್ನಾ ಖಾನಾಪುರದಲ್ಲಿ ಶಾಲೆಯ ಮುಖ್ಯಾಧ್ಯಾಪಕಿಯಾಗಿ ನಿವೃತ್ತರಾದವರು. ಅವ್ವ ತೀರಿಕೊಂಡ ಮೇಲೆ ಅವರ ಸೀರೆಗಳನ್ನು ಒಂದು ಚಾದರದಲ್ಲಿ ಗಂಟು ಕಟ್ಟಿಕೊಂಡು ನಮ್ಮಲ್ಲಿಗೆ ಬಂದರು. ಕೊಟ್ಟು ಹೋಗುವವರಲ್ಲ ಅವರು. ಎಷ್ಟೋ ಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ಕುಳಿತು, ಸೂಜಿಗೆ ದಾರ ಪೋಣಿಸಿಕೊಡುತ್ತ, ಇದು ಅವ್ವ ಬಸುರಿದ್ದಾಗ ಕುಬಸಕ್ಕೆ ಉಡಿಸಿದ ಹಸಿರು ಸೀರೆ, ಇದು ಸಂತೆಗೆ ಉಡುತ್ತಿದ್ದ ಇಳಕಲ್ಲು ಎಂದು ಹೇಳುತ್ತಿದ್ದರು. ಒಂದು ಸೀರೆಗೆ ಒಲೆಯ ಕಿಡಿ ಹಾರಿ ತೂತಾಗಿತ್ತಂತೆ, ಅದಕ್ಕೆ ಅವ್ವ ನಾಗರತ್ನಾ ಅವರ ಶಾಲೆಯ ನೀಲಿ ಲಂಗದ ತುಂಡು ಹಾಕಿ ತೇಪೆ ಹಚ್ಚಿದ್ದರು. ಆ ತೇಪೆಯನ್ನು ತೆಗೆಯಬೇಡಿ ಎಂದರು. ಅದನ್ನು ಹಾಗೆಯೇ ಕೌದಿಯ ನಡುವೆ ಇಟ್ಟು ಹೊಲಿದೆವು. ಆ ದಿನಗಳಲ್ಲಿ ನಾಗರತ್ನಾ ಗಿರಾಕಿಯಾಗಿ ಉಳಿಯಲಿಲ್ಲ, ನನಗೆ ಅಕ್ಕನಂತಾದರು.

ಆ ಕೌದಿಯ ಫೋಟೋ ತೆಗೆಯುವಾಗ ಗಾಳಿ ಬೀಸುತ್ತಿತ್ತು. ಮೂಲೆ ಹಾರದಂತೆ ಅತ್ತೆ ಅದರ ಮೇಲೆ ಕಾಲಿಟ್ಟು ನಿಂತರು. ರುಬ್ಬುಗುಂಡು ಬಿದ್ದು ಉಗುರು ಸೀಳಿದ ಅವರ ಬಲಗಾಲಿನ ಹೆಬ್ಬೆರಳು ಫೋಟೋದಲ್ಲಿ ಸ್ಪಷ್ಟವಾಗಿ ಬಂತು. ಮತ್ತೊಮ್ಮೆ ತೆಗೆಯುತ್ತೇನೆ ಎಂದು ಮೇಘಾ ಹೇಳಿದರೆ ಅತ್ತೆ ಒಪ್ಪಲಿಲ್ಲ, "ಇರ್ಲಿ ಬಿಡವಾ, ಯಾರು ಹೊಲದಾರ ಅನ್ನೂದು ನೋಡಿದವರಿಗೆ ಗೊತ್ತಾಗ್ಲಿ" ಎಂದರು. ಮಾನ್ಯರೇ, ತಾವು ಆ ಫೋಟೋವನ್ನು ಹೆಬ್ಬೆರಳಿನ ಸಮೇತ ಎತ್ತಿಕೊಂಡು, ಹೆಬ್ಬೆರಳಿನ ಸಮೇತ ಪಾಲಿಸ್ಟರಿಗೆ ಅಚ್ಚು ಹಾಕಿಸಿ, 'ಅವ್ವನ ನೆನಪು ಬ್ಲ್ಯಾಂಕೆಟ್' ಎಂದು ಹೆಸರಿಟ್ಟು ಮಾರಿದಿರಿ. ಇವತ್ತು ಬೆಳಗಾವಿಯ ಎಷ್ಟು ಮನೆಗಳಲ್ಲಿ ಎಷ್ಟು ಗಂಡಹೆಂಡಿರು ನಮ್ಮ ಅತ್ತೆಯ ಹೆಬ್ಬೆರಳಿನ ಕೆಳಗೆ ಮಲಗುತ್ತಿದ್ದಾರೋ ಲೆಕ್ಕವಿಲ್ಲ. ಮನೆಯಲ್ಲಿ ನಾನೊಬ್ಬಳೇ ಅದರ ಕೆಳಗಿದ್ದೇನೆಂದು ತಿಳಿದಿದ್ದೆ, ಆ ಭಾಗ್ಯವನ್ನು ತಾವು ಸಾರ್ವಜನಿಕಗೊಳಿಸಿದಿರಿ.

ಇಲ್ಲಿಯವರೆಗೂ ನಗಬಹುದಿತ್ತು. ಆದರೆ ನಾಗರತ್ನಾ ಅವರ ತಮ್ಮ ಗುರುಪಾದಪ್ಪ ಹಿಂದವಾಡಿಯಲ್ಲಿ ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿ ಮಾಡಿದರು, ಬಂದವರಲ್ಲಿ ಯಾರೋ ತಮ್ಮ ಕಂಪನಿಯ ಬ್ಲ್ಯಾಂಕೆಟನ್ನು ಉಡುಗೊರೆ ಕೊಟ್ಟರು. ಎಲ್ಲರ ಎದುರಿಗೆ ಅದನ್ನು ಬಿಚ್ಚಿದರೆ ನಡುವೆ ನೀಲಿ ಲಂಗದ ತೇಪೆ. ಗುರುಪಾದಪ್ಪ ಅವರ ಹೆಂಡತಿ, "ಅಕ್ಕಾರ, ಇವು ನಮ್ಮ ಅತ್ತಿ ಸೀರಿ ಅಲ್ಲೇನ್ರಿ? ಪೇಟ್ಯಾಗ ಮಾರಾಕ ಹೆಂಗ ಬಂದೂವು?" ಎಂದು ಕೇಳಿದರಂತೆ. ಅವ್ವನ ಸೀರೆಗಳನ್ನು ಅಕ್ಕ ಕಂಪನಿಯವರಿಗೆ ಮಾರಿಕೊಂಡಿದ್ದಾಳೆ ಎಂದು ಗುರುಪಾದಪ್ಪ ಅಂದುಕೊಂಡರು. ಅವರು ಊಟದ ಪಂಕ್ತಿಯಲ್ಲಿ ಅಕ್ಕನ ಮುಖ ನೋಡಲಿಲ್ಲ, ಅಂದಿನಿಂದ ಮಾತೂ ಆಡಿಲ್ಲ.

ಮರುದಿನ ನಾಗರತ್ನಾ ಕೌದಿಯನ್ನು ಮಡಿಚಿಕೊಂಡು ನಮ್ಮ ಮನೆಗೆ ಬಂದರು. ಕುಂದರ್ರಿ ಎಂದರೂ ಕೂರಲಿಲ್ಲ. "ಪ್ರಮಿಳಾ, ನಮ್ಮವ್ವನ್ನ ನಿಮ್ಮ ಕೈಯಾಗ ಕೊಟ್ಟಿದ್ದೆ. ನೀವು ಮಾರ್ಕೊಂಡ್ರಿ. ಇದನ್ನೂ ಇಟಗೋರಿ" ಎಂದು ಕೌದಿಯನ್ನು ಕಟ್ಟೆಯ ಮೇಲಿಟ್ಟು ಹೋದರು. ಕೇಳದೆ ಯಾರಾದರೂ ಫೋಟೋ ತೆಗೆದುಕೊಳ್ಳುತ್ತಾರೆ ಎಂಬುದನ್ನು ಅವರು ನಂಬಲಿಲ್ಲ. ದುಡ್ಡು ಕೊಡದೆ ಯಾವ ಕಂಪನಿ ಏನನ್ನು ಒಯ್ಯುತ್ತದೆ ಎಂದು ಕೇಳಿದರು. ನಮ್ಮ ಫೋನು ಎತ್ತುವುದನ್ನು ಬಿಟ್ಟರು. ಆ ದಿನ ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅಂದಿನಿಂದ ಆ ಕೌದಿ ನಮ್ಮ ಪೆಟ್ಟಿಗೆಯಲ್ಲಿದೆ. ಬೇರೆಯವರ ಅವ್ವನ ಕೌದಿಯನ್ನು ನಾವು ಹೊದೆಯುವ ಹಾಗಿಲ್ಲ, ಆದ್ದರಿಂದ ಅತ್ತೆ ಅದನ್ನು ಆಗಾಗ ಬಿಸಿಲಿಗೆ ಹಾಕಿ, ಸಂಜೆ ಮಡಿಚಿ ಒಳಗಿಡುತ್ತಾರೆ.

ನಮ್ಮ ಅತ್ತೆಯನ್ನು ಕರೆದುಕೊಂಡು ತಮ್ಮ ಮಳಿಗೆಗೆ ಬಂದದ್ದು ಈ ಕಾರಣಕ್ಕೆ. ತಾವು ನಮಗೆ ತಂಪು ನೀರು ಕೊಡಿಸಿದಿರಿ, ಏರ್‌ಕಂಡೀಷನರಿನ ಕೆಳಗೆ ಕೂರಿಸಿದಿರಿ, ಆ ಉಪಕಾರವನ್ನು ಮರೆತಿಲ್ಲ. "ಇಂಟರ್‌ನೆಟ್‌ನ್ಯಾಗ ಇದ್ದದ್ದು ಎಲ್ಲಾರದೂ ಇರತೈತ್ರಿ ಅಕ್ಕಾರ, ಇದು ನಿಮ್ಮದ ಅನ್ನಾಕ ಪುರಾವೆ ಏನೈತಿ?" ಎಂದು ಬಹಳ ವಿನಯದಿಂದ ಕೇಳಿದಿರಿ. ಅತ್ತೆ ಚಪ್ಪಲಿ ಕಳಚಿ, ಗಾಜಿನ ಮೇಜಿನ ಪಕ್ಕದ ಮಂಚದ ಮೇಲೆ ಹರಡಿದ್ದ ಬ್ಲ್ಯಾಂಕೆಟಿನ ಮೇಲೆ, ಅಚ್ಚಾದ ಹೆಬ್ಬೆರಳಿನ ಪಕ್ಕದಲ್ಲಿ ತಮ್ಮ ಹೆಬ್ಬೆರಳನ್ನು ಇಟ್ಟರು. ಸೀಳಿದ ಉಗುರಿನ ಪಕ್ಕ ಸೀಳಿದ ಉಗುರು. ಸೋಫಾ ನೋಡಲು ಬಂದವರೂ ಬಂದು ನೋಡಿದರು. "ಅಜ್ಜೀ, ಕಾಲು ತಗೀರಿ, ಮಾಲು ಹೊಲಸಾಗತೈತಿ" ಎಂದಿರಿ ತಾವು. "ಯಾವ ಕಾಲು ತಗೀಲೋ ತಮ್ಮಾ? ಮೊದಲ ನಿನ್ನ ಅರಿವ್ಯಾಗಿಂದು ನೀ ತಗಿ, ಆಮ್ಯಾಲ ನಂದು ನಾ ತಗೀತೀನಿ" ಎಂದರು ಅತ್ತೆ. ಮಂಡಿನೋವಿನ ಮನುಷ್ಯರು ಅಷ್ಟು ಹೊತ್ತು ಒಂದೇ ಕಾಲೂರಿ ನಿಂತದ್ದನ್ನು ನಾನು ಅಂದೇ ನೋಡಿದ್ದು.

ಅದರ ನಂತರ ತಾವು ತೋರಿಸಿದ ಕಾಳಜಿಗೆ ಮಾತುಗಳಿಲ್ಲ. ಹೊಸದಾಗಿ ಬಂದ ಮಾಲಿನಲ್ಲಿ ಹೆಬ್ಬೆರಳಿನ ಜಾಗದಲ್ಲಿ ಒಂದು ತಾವರೆಮೊಗ್ಗು ಅರಳಿತು. ಮರುವಾರ ತಮ್ಮ ವಕೀಲರ ನೋಟಿಸು ನಮ್ಮ ಮನೆಗೆ ಬಂತು. ತಮ್ಮ ಕಂಪನಿಯ ಮೂಲ ವಿನ್ಯಾಸವನ್ನು ನಾವು ನಕಲು ಮಾಡಿ, ಗಿರಾಕಿಗಳನ್ನು ದಾರಿ ತಪ್ಪಿಸುವ ದುರುದ್ದೇಶದಿಂದ ಅದಕ್ಕೆ ಒಂದು ಹೆಬ್ಬೆರಳನ್ನು ಸೇರಿಸಿದ್ದೇವೆ ಎಂದು ಅದರಲ್ಲಿತ್ತು. ಅದನ್ನು ಅತ್ತೆಗೆ ಓದಿ ಹೇಳಿದೆ. ಅವರು ತಮ್ಮ ಕಾಲನ್ನು ಚಾಚಿ ಬಹಳ ಹೊತ್ತು ನೋಡಿಕೊಂಡು, ಇದನ್ನು ನಾವು ಯಾವಾಗ ಸೇರಿಸಿದೆವೆಂದು ಆ ವಕೀಲರು ಬರೆದಿದ್ದಾರೆಯೇ ಎಂದು ಕೇಳಿದರು.

ಆದ್ದರಿಂದ ಮಾನ್ಯರಲ್ಲಿ ಕೆಲವು ನಮ್ರ ವಿನಂತಿಗಳು. ನಮ್ಮ ಅತ್ತೆ ತಮ್ಮ ಅತ್ತೆಯೂ ಆಗಿರುವುದರಿಂದ, ಬೆಳಗಿನ ಜಾವ ಎದ್ದು ಅವರ ಸ್ನಾನಕ್ಕೆ ನೀರು ಕಾಯಿಸುವ, ಮಂಡಿಗೆ ಎಣ್ಣೆ ತಿಕ್ಕುವ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಬೈಸಿಕೊಳ್ಳುವ ಪಾಳಿಯನ್ನು ನಾವಿಬ್ಬರೂ ವಾರಕ್ಕೊಬ್ಬರಂತೆ ಹಂಚಿಕೊಳ್ಳೋಣ. ಮುಂದಿನ ವಾರ ತಮ್ಮದು. ಪಂಚಮಿಗೆ ತಾವು ಸೊಸೆಯಾಗಿ ತವರಿಗೆ ಹೋಗಬೇಕೆಂದಿದ್ದರೆ ಮೊದಲೇ ಕೇಳಿರಿ, ಅವರು ಸುಲಭವಾಗಿ ಬಿಡುವವರಲ್ಲ. ಸೋಮವಾರ ತಮ್ಮ ಯಂತ್ರವನ್ನು ನಿಲ್ಲಿಸಿ ಅದಕ್ಕೆ ವಿಭೂತಿ ಹಚ್ಚಿರಿ. ಪ್ರತಿಯೊಂದು ಬ್ಲ್ಯಾಂಕೆಟಿನ ಮೂಲೆ ಬಿಚ್ಚಿ ಒಂದು ಚಿಟಿಕೆ ಅಕ್ಕಿ ಹಾಕಿರಿ, ಅಕ್ಕಿ ಬೇಕಾದರೆ ನಾವೇ ಖಾನಾಪುರದಿಂದ ಕಳಿಸುತ್ತೇವೆ. ಹೆಬ್ಬೆರಳನ್ನು ಅಳಿಸಿ ತಾವರೆ ಬಿಡಿಸಿದ ತಮ್ಮ ಕಲಾವಿದರು ಒಮ್ಮೆ ಪಾರಿಶ್ವಾಡಕ್ಕೂ ಬಂದು ಹೋಗಲಿ, ಆ ಸೀಳಿದ ಉಗುರು ಚಳಿಗಾಲದಲ್ಲಿ ಬಹಳ ನೋಯುತ್ತದೆ, ಅದರ ಜಾಗದಲ್ಲಿ ಮೊಗ್ಗು ಬಂದರೆ ಅತ್ತೆಗೂ ಆರಾಮ.

ಇವೆಲ್ಲ ತಮ್ಮ ಬಿಡುವು ನೋಡಿಕೊಂಡು ಆಗಲಿ. ನನಗೆ ನಿಜವಾಗಿ ಬೇಕಾದದ್ದು ಒಂದೇ. ನಮಗೆ ತಮ್ಮ ಲಾಭದಲ್ಲಿ ಪಾಲು ಬೇಡ, ಕ್ಷಮೆಯೂ ಬೇಡ. ಆ ಚಿತ್ರವನ್ನು ತಾವು ಕೇಳದೆ ತೆಗೆದುಕೊಂಡಿರಿ, ನಾಗರತ್ನಾ ಮಾರಲಿಲ್ಲ, ನಾವೂ ಮಾರಲಿಲ್ಲ ಎಂದು ತಮ್ಮ ಕಂಪನಿಯ ಹೆಸರಿನಲ್ಲಿ ಒಂದು ವಾಕ್ಯ ಬರೆದು ಹಾಕಿರಿ. ಅದನ್ನು ಓದಿದರೆ ಒಬ್ಬ ತಮ್ಮ ತನ್ನ ಅಕ್ಕನ ಜೊತೆ ಮಾತಾಡುತ್ತಾನೆ. ಆ ಅಕ್ಕ ಬಂದು ಅವ್ವನ ಕೌದಿಯನ್ನು ಮನೆಗೆ ಒಯ್ಯುತ್ತಾರೆ. ಈ ವಾಕ್ಯ ನಮ್ಮ ವೆಬ್‌ಸೈಟಿನಲ್ಲಿ ಇಲ್ಲವಾದ್ದರಿಂದ ತಾವು ಸ್ವಂತ ಬರೆಯಬೇಕಾಗುತ್ತದೆ. ಅದು ತಮಗೆ ಎಷ್ಟು ಕಷ್ಟವೆಂದು ಬಲ್ಲೆ, ಆದರೂ ಬೇಡಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ, ತಮ್ಮ ಓರಗಿತ್ತಿ, ಮತ್ತು ತಮ್ಮ ವೆಬ್‌ಸೈಟಿನ ಪ್ರಕಾರ ತಾವೇ ಆದ,
ಪ್ರಮಿಳಾ
'ಅಕ್ಕವ್ವನ ಕೌದಿ', ಪಾರಿಶ್ವಾಡ, ಖಾನಾಪುರ ತಾಲೂಕು

ತಾ. ಕ.: ಈ ಪತ್ರವನ್ನು ಪತ್ರಿಕೆಗೆ ಕಳಿಸುವ ಮುಂಚೆ ಮೇಘಾಳಿಗೆ ಓದಿ ಹೇಳಿದೆ. ಅವಳು ಕೊನೆಯವರೆಗೂ ಕೇಳಿ, "ಮಾಮಿ, ಅಂವ ತಾನಾಗೆ ಎಲ್ಲಿ ಬರೀತಾನ? ನಾವ ಬರದು ಇಟ್ರ ಒಯ್ತಾನ" ಎಂದಳು. ಪತ್ರವನ್ನು ತಡೆಹಿಡಿದು, ಆ ಕೌದಿಯ ಚಿತ್ರದ ಕೆಳಗೆ ನಮ್ಮದೇ ವೆಬ್‌ಸೈಟಿನಲ್ಲಿ ಹೀಗೆ ಬರೆದು ಹಾಕಿದೆವು: "ಈ ಚಿತ್ರವನ್ನು ನಾವು ಯಾರನ್ನೂ ಕೇಳದೆ ಎತ್ತಿಕೊಂಡು ಬಂದು ಅಚ್ಚು ಹಾಕಿ ಮಾರುತ್ತಿದ್ದೇವೆ. ಸೀರೆ ಕೊಟ್ಟ ಮಗಳೂ ಇದನ್ನು ಮಾರಿಲ್ಲ, ಕೌದಿ ಹೊಲಿದವರೂ ಮಾರಿಲ್ಲ." ನಮ್ಮನ್ನು ನಾವೇ ಕಳ್ಳರೆಂದು ಬರೆದುಕೊಂಡು ಕಾಯುವಾಗ ಜೀವ ಕೈಯಲ್ಲಿತ್ತು. ಊರಿನ ಒಬ್ಬ ಹಿರಿಯರು ಫೋನು ಮಾಡಿ, ಏನಾಗಿದೆ ನಿಮಗೆ ಎಂದು ನನ್ನ ಯಜಮಾನರನ್ನು ಬೈದರು. ಗುರುವಾರ ಬೆಳಿಗ್ಗೆ ಅದೇ ವಾಕ್ಯ, ಅದೇ ಅಕ್ಷರಗಳಲ್ಲಿ, ತಮ್ಮ ಬಂಗಾರದ ಬಣ್ಣದ ಲಾಂಛನದ ಅಡಿಯಲ್ಲಿ, 'ಈಗಲೇ ಖರೀದಿಸಿ' ಎಂಬ ಗುಂಡಿಯ ಮೇಲೆ ಬಂತು.

ಮೇಘಾ ನಾಗರತ್ನಾ ಅವರಿಗೆ ಎರಡೂ ವೆಬ್‌ಸೈಟುಗಳ ಚಿತ್ರ ಕಳಿಸಿ, ನಾವು ಮಾಡಿದ್ದನ್ನೂ ಮುಚ್ಚಿಡದೆ ಬರೆದಳು. ಜೀವನವಿಡೀ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಿದವರು ಅವರು, ಓದದೆ ನಕಲು ಮಾಡುವವರನ್ನು ಗುರುತಿಸಲು ಅವರಿಗೆ ಬೇರೆ ಪುರಾವೆ ಬೇಕಾಗಲಿಲ್ಲ. ಫೋನಿನಲ್ಲಿ ಮೊದಲು ನಕ್ಕರು, ಆಮೇಲೆ ಅತ್ತರು, ನನಗೂ ಅಳು ಬಂತು. ಅಂದೇ ತಮ್ಮನ ಮನೆಗೆ ಹೋಗಿ ತೋರಿಸಿದರು. ಗುರುಪಾದಪ್ಪ ಎರಡು ಸಲ ಓದಿ, "ಅಕ್ಕಾ, ಅವ್ವನ ಕೌದಿ ಎಲ್ಲೈತಿ? ನಡಿ, ಹೋಗಿ ತರೂಣು" ಎಂದರಂತೆ. ನಿನ್ನೆ ಇಬ್ಬರೂ ಬಂದು ಒಯ್ದರು, ಕೌದಿಯನ್ನು ಅಕ್ಕನ ಕೈಗೆ ಕೊಡದೆ ಗುರುಪಾದಪ್ಪನವರೇ ಹೊತ್ತುಕೊಂಡು ಹೋದರು. ಹೀಗಾಗಿ ತಮ್ಮ ಉಪಕಾರದಿಂದ ನಮ್ಮ ಕೆಲಸ ಮುಗಿದಿದೆ, ಆ ವಾಕ್ಯವನ್ನು ನಮ್ಮಲ್ಲಿಂದ ತೆಗೆದಿದ್ದೇವೆ. ಆದರೆ ನಮ್ಮ ಅತ್ತೆಗೆ ಈ ಬರವಣಿಗೆಯ ರುಚಿ ಹತ್ತಿಬಿಟ್ಟಿದೆ. ಅದರ ಜಾಗಕ್ಕೆಂದು ತಮ್ಮ ಬಗ್ಗೆ ಬೇರೊಂದನ್ನು ಅವರೇ ಹೇಳಿ ಬರೆಸಿದ್ದಾರೆ, ಅದನ್ನು ಈ ಪತ್ರದಲ್ಲಿ ಬರೆಯಲು ನನಗೆ ನಾಚಿಕೆಯಾಗುತ್ತದೆ. ಇವತ್ತು ಸಂಜೆ ಅದು ನಮ್ಮ ವೆಬ್‌ಸೈಟಿನಲ್ಲಿ ಬರುತ್ತದೆ, ನಾಡಿದ್ದು ತಮ್ಮದರಲ್ಲಿ.